ಬೋನಿನ ಚಿಲಕ ತೆಗೆಯುವ ಮುಂಚೆ

ಚೂಟಿಗೆಂದು ತಂದ ಕಬ್ಬಿಣದ ಕ್ರೇಟನ್ನು ಅಂಗಡಿಯ ಹುಡುಗರು ಮೆಟ್ಟಿಲು ಹತ್ತಿಸುತ್ತಿದ್ದಾಗ ಕೆಳಮನೆಯ ಅಜ್ಜಿ ಬಾಗಿಲಿಗೆ ಬಂದು ನಿಂತರು. ಮೇಲಿಂದ ಕೆಳಗೆ ಒಮ್ಮೆ ನೋಡಿ, “ಏನಮ್ಮಾ, ಚಾಮುಂಡಿಬೆಟ್ಟದಿಂದ ಚಿರತೆ ಇಳಿದಿದೆಯಂತಾ? ಬೋನು ತರಿಸಿದ್ದೀಯಲ್ಲ” ಎಂದರು. ನಾಯಿಮರಿಗೆ ಎಂದೆ. ನನ್ನ ಮುಖ ನೋಡಿದರು, ನನ್ನ ಕಂಕುಳಲ್ಲಿದ್ದ ಎರಡು ಹಿಡಿಯಷ್ಟು ಮರಿಯ ಮುಖ ನೋಡಿದರು, ಏನೂ ಹೇಳದೆ ಒಳಗೆ ಹೋದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಬೋನು ಎಂದೇ ಹೆಸರು. ಅಂಗಡಿಯವನು ಎಷ್ಟೇ ನಾಜೂಕಾಗಿ ಕ್ರೇಟ್ ಎಂದರೂ ನಮ್ಮ ಬಾಯಿಗೆ ಹತ್ತಲಿಲ್ಲ. ಈ ಅಂಕಣ ಓದುವವರು ನನ್ನನ್ನು ಹೆಚ್ಚಾಗಿ ಕೇಳುವುದೂ ಈ ಬೋನಿನ ವಿಚಾರವನ್ನೇ. ನಮ್ಮ ಲ್ಯಾಬ್‌ಗೆ ಏಳು ತಿಂಗಳು, ಇನ್ನು ಬಿಟ್ಟು ಹೋಗಬಹುದಾ? ಒಂದು ವರ್ಷ ತುಂಬುವವರೆಗೂ ಹಾಕಲೇಬೇಕಂತೆ, ಹೌದಾ? ಆಪರೇಷನ್ ಆದ ಮೇಲೆ ತಾನಾಗಿ ಬುದ್ಧಿ ಬರುತ್ತದಂತೆ, ನಿಜವಾ? ಎಲ್ಲರಿಗೂ ಬೇಕಿರುವುದು ಒಂದು ತಾರೀಕು. ಕ್ಯಾಲೆಂಡರಿನಲ್ಲಿ ಗುಂಡು ಹಾಕಿಟ್ಟು, ಆ ದಿನ ಚಿಲಕ ತೆಗೆದು, ಬಾಗಿಲಿಗೆ ಬೀಗ ಹಾಕಿಕೊಂಡು ಆಫೀಸಿಗೆ ಹೊರಡಬೇಕು. ಅಂಥ ತಾರೀಕು ನನ್ನ ಹತ್ತಿರ ಇಲ್ಲ.

ತೊಟ್ಟಿಲಿನ ಲೆಕ್ಕ ನೆನೆಸಿಕೊಳ್ಳಿ. ಮಗುವನ್ನು ಎಷ್ಟನೇ ತಿಂಗಳಿಗೆ ತೊಟ್ಟಿಲಿನಿಂದ ಇಳಿಸಬೇಕು ಎಂದು ನಮ್ಮ ಅಜ್ಜಿಯಂದಿರು ಯಾರನ್ನೂ ಕೇಳಲಿಲ್ಲ. ಮಗು ಮಗುಚಿತು, ಅಂಚು ಹಿಡಿದು ಎದ್ದು ನಿಂತಿತು, ಸರಿ, ತೊಟ್ಟಿಲು ಅಟ್ಟ ಸೇರಿತು. ಬಾಣಂತನಕ್ಕೆ ಬಂದ ಮುದುಕಿ ನೋಡುತ್ತಿದ್ದದ್ದು ಮಗುವನ್ನು, ಪಂಚಾಂಗವನ್ನಲ್ಲ. (ಪಂಚಾಂಗದ ಕಥೆ ಮುಂದೆ ಬರುತ್ತದೆ.)

ಮೊದಲಿಗೆ ಬೋನಿನ ಬಗ್ಗೆಯೇ ಎರಡು ಮಾತು. ನಮ್ಮೂರಿನ ನಾಯಿಗಳಿಗೆ ಬೋನು ಇರಲಿಲ್ಲ ಎಂದು ಹಿರಿಯರು ಆಗಾಗ ಚುಚ್ಚುತ್ತಾರೆ. ನಿಜ, ಇರಲಿಲ್ಲ. ಆದರೆ ಆ ನಾಯಿಗೆ ಮನೆಯೂ ಇರಲಿಲ್ಲ. ಜಗಲಿಯ ಮೂಲೆ, ಹುಲ್ಲಿನ ಬಣವೆಯ ಬುಡ, ಕೊಟ್ಟಿಗೆಯ ಬೆಚ್ಚನೆ ಗೊಬ್ಬರ, ಇಷ್ಟರಲ್ಲಿ ಅದರ ಸಂಸಾರ. ಹೊಸಿಲು ದಾಟಿದರೆ ಕಡ್ಡಿಪೊರಕೆಯ ಏಟು. ಕಡಿಯಲು ಸೋಫಾ ಇರಲಿಲ್ಲ, ನೆಕ್ಕಲು ಚಾರ್ಜರಿನ ವೈರಿರಲಿಲ್ಲ, ಒಂದಕ್ಕೆ ಹೋಗಲು ಇಡೀ ಊರಿತ್ತು, ಮನೆಯಲ್ಲಿ ಯಾರಾದರೂ ಒಬ್ಬರು ಸದಾ ಇರುತ್ತಿದ್ದರು. ಈಗ ನಾಯಿ ಒಳಗೆ ಬಂದಿದೆ, ಮನೆಯವರೆಲ್ಲ ಹೊರಗೆ ಹೋಗಿದ್ದೇವೆ. ಬೋನು ಹುಟ್ಟಿದ್ದು ಈ ಅದಲುಬದಲಿನಲ್ಲಿ.

ನಾಯಿ ಗುಹೆಯ ಪ್ರಾಣಿ, ಅದಕ್ಕೆ ಬೋನು ಎಂದರೆ ಪ್ರಾಣ ಎಂದು ಮಾರುವವರು ಹೇಳುತ್ತಾರೆ. ಅರ್ಧ ಸತ್ಯ. ಬೀದಿಯ ತಾಯಿನಾಯಿ ಈಯಲು ಮೋರಿಯ ಕೆಳಗೋ ಮರಳಿನ ಗುಡ್ಡೆಯ ಬುಡದಲ್ಲೋ ಗುಂಡಿ ತೋಡುತ್ತದೆ, ಮರಿಗಳಿಗೆ ಕಾಲು ಬಂದು ಹೊರಗೆ ಓಡಾಡಲು ಶುರುವಾದ ಮೇಲೆ ಆ ಗುಂಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಆಮೇಲೆ ಅದು ಮಲಗುವುದು ನಿಂತ ಕಾರಿನ ಕೆಳಗೆ, ನಾಲ್ಕೂ ಕಡೆ ದಾರಿ ಇರುವಲ್ಲಿ. ಮೂರು ಕಡೆ ಮರೆ ಇರುವ ಜಾಗ ನಾಯಿಗೆ ಇಷ್ಟ, ಅದು ಹೌದು. ನಾಲ್ಕನೆಯ ಕಡೆಗೆ ಚಿಲಕ ಹಾಕಿದರೂ ಇಷ್ಟ ಎಂದು ಅದು ಯಾರಿಗೂ ಹೇಳಿಲ್ಲ. ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ ಪ್ರಯಾಣದಂಥ ಸಂದರ್ಭ ಬಿಟ್ಟರೆ ಮನೆಯೊಳಗೆ ನಾಯಿಯನ್ನು ಬೋನಿನಲ್ಲಿ ಮುಚ್ಚಿಡಲು ಕಾನೂನು ಒಪ್ಪುವುದಿಲ್ಲ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲೂ, ಅಲುಗಾಡಲು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು, ಸದಾ ಕೂಡಿಹಾಕಿದ ನಾಯಿಯನ್ನು ಓಡಾಡಿಸದೆ ಇರುವುದು ಅಪರಾಧದ ಪಟ್ಟಿಯಲ್ಲಿವೆ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಅರವತ್ತು ವರ್ಷದ ಹಿಂದೆ ಅದು ದುಡ್ಡಾಗಿತ್ತು, ಈಗ ಒಂದು ಮಸಾಲೆದೋಸೆಗೂ ಸಾಲದು.

ಇಷ್ಟೆಲ್ಲ ಹೇಳಿಯೂ ನಾನು ಬೋನು ತಂದೆ. ಎರಡು ತಿಂಗಳ ಬೀದಿಮರಿ, ಗಣೇಶನ ಹಬ್ಬದ ಮುಂದೆ ಸುರಿಯುತ್ತಿದ್ದ ಮಳೆಯಲ್ಲಿ ಸಿಕ್ಕಿದ್ದು. ಮನೆಯಲ್ಲಿ ಇಬ್ಬರಿಗೂ ಕೆಲಸ. ಸ್ನಾನಕ್ಕೆ ಹೋಗುವ ಹತ್ತು ನಿಮಿಷ, ಗ್ಯಾಸ್ ಸಿಲಿಂಡರಿನವನು ಬಾಗಿಲು ತೆರೆದಿಟ್ಟುಕೊಂಡ ಐದು ನಿಮಿಷ ಮರಿಯನ್ನು ಎಲ್ಲಾದರೂ ಇಡಬೇಕಲ್ಲ. ತಲೆ ಬಗ್ಗಿಸದೆ ನಿಲ್ಲುವಷ್ಟು, ಸುತ್ತು ತಿರುಗುವಷ್ಟು, ನಾಲ್ಕು ಕಾಲೂ ಚಾಚಿ ಮಲಗುವಷ್ಟು ಜಾಗ ಇರುವುದನ್ನೇ ತಂದೆವು. ಒಳಗೆ ಬಿಡುವಾಗ ಕೊರಳಪಟ್ಟಿ ಬಿಚ್ಚುವುದನ್ನು ಕಡ್ಡಾಯ ಮಾಡಿಕೊಂಡೆವು, ಸರಳಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಮರಿ ದಿನಕ್ಕೆ ಹದಿನೆಂಟು ಗಂಟೆಯಾದರೂ ನಿದ್ದೆ ಮಾಡುತ್ತದೆ, ಅದರಲ್ಲಿ ಎರಡೋ ಮೂರೋ ಗಂಟೆ ಅಲ್ಲಿ ಮಾಡಿದರೆ ಲೋಕ ಮುಳುಗುವುದಿಲ್ಲ. ಬೋನು ತಪ್ಪಾಗುವುದು ಬೆಳಿಗ್ಗೆ ಒಂಬತ್ತಕ್ಕೆ ಹಾಕಿದ ಚಿಲಕ ಸಂಜೆ ಏಳಕ್ಕೆ ತೆಗೆದಾಗ.

ಹಾಗಾದರೆ ಬಿಡುವುದು ಯಾವಾಗ? ನಾನು ನೋಡುವುದು ಉಚ್ಚೆ, ಹಲ್ಲು, ಒಂಟಿತನ, ಇಷ್ಟನ್ನೇ. ಉಚ್ಚೆಯದು ಸುಲಭ, ಬೇಗ ಮುಗಿಸುತ್ತೇನೆ. ಮರಿಗೆ ಎಷ್ಟು ತಿಂಗಳೋ ಅದರ ಮೇಲೊಂದು ಗಂಟೆ ತಡೆದುಕೊಳ್ಳುತ್ತದೆ ಎಂಬುದು ನಾಯಿ ಸಾಕುವವರ ಬಾಯಿಲೆಕ್ಕ. ಮೂರು ತಿಂಗಳಿನದು ನಾಲ್ಕು ಗಂಟೆ. ಅದು ಹೆಚ್ಚೆಂದರೆ ಅಷ್ಟು ಎಂಬ ಲೆಕ್ಕವೇ ಹೊರತು ಅಷ್ಟು ಹೊತ್ತು ಬಿಡಬೇಕೆಂಬ ಲೆಕ್ಕವಲ್ಲ. ಮನೆಯಲ್ಲಿ ಜನ ಇರುವಾಗ ಒಂದು ತಿಂಗಳು ಪೂರ್ತಿ ನೆಲ ಒದ್ದೆಯಾಗಿಲ್ಲ, ಬೇಕಾದಾಗ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತದೆ ಎಂದಾದರೆ ಈ ಪರೀಕ್ಷೆ ಪಾಸು. ತಿಂಗಳಿಗೊಮ್ಮೆ ಬಚ್ಚಲ ಮುಂದಿನ ಕಾಲೊರಸಿನ ಮೇಲೆ ಹೊಯ್ಯುತ್ತಿದೆಯೇ? ಇನ್ನೂ ಸ್ವಲ್ಪ ಕಾಯಿರಿ.

ಹಲ್ಲಿನದು ದೊಡ್ಡ ಕಥೆ. ಮರಿಗೆ 28 ಹಾಲುಹಲ್ಲು. ನಾಲ್ಕನೆಯ ತಿಂಗಳ ಹೊತ್ತಿಗೆ ಅವು ಒಂದೊಂದಾಗಿ ಉದುರುತ್ತವೆ, ಏಳು ತಿಂಗಳಾಗುವಷ್ಟರಲ್ಲಿ 42 ದೊಡ್ಡ ಹಲ್ಲು ಬಂದಿರುತ್ತವೆ. ಈ ಮೂರು ತಿಂಗಳು ಒಸಡು ನವೆಯಾಗಿ ಸಿಕ್ಕಿದ್ದೆಲ್ಲ ಕಡಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಆಮೇಲಿನದು. ಹಲ್ಲು ಬಂದು ಮುಗಿಯಿತು, ಕಡಿಯುವುದು ನಿಂತಿತು, ಕೂರು ಎಂದರೆ ಕೂರುತ್ತದೆ, ಬಾ ಎಂದರೆ ಬರುತ್ತದೆ. ಆರು ತಿಂಗಳ ನಾಯಿಯಷ್ಟು ಸಭ್ಯ ಪ್ರಾಣಿ ಲೋಕದಲ್ಲಿಲ್ಲ. ಅದನ್ನು ನಂಬಿ ನಾವು ಬೋನು ಮಡಚಿ ಮಂಚದ ಕೆಳಗೆ ತಳ್ಳುತ್ತೇವೆ. ಎಂಟನೆಯ ತಿಂಗಳಿಗೆ ಅದಕ್ಕೆ ಪ್ರಾಯ ಬರುತ್ತದೆ.

ಚೂಟಿಗೆ ಎಂಟು ತಿಂಗಳಾದದ್ದು ಯುಗಾದಿಯ ಹೊತ್ತಿಗೆ. ಹಬ್ಬ ಮುಗಿದ ನಾಲ್ಕನೇ ದಿನ, “ಎಷ್ಟು ಒಳ್ಳೇ ಹುಡುಗಿ” ಎಂದು ಕೆನ್ನೆ ಸವರಿ, ಇಡೀ ಮನೆ ಬಿಟ್ಟುಕೊಟ್ಟು, ನಾನೂ ಇವರೂ ಒಂದು ಗೃಹಪ್ರವೇಶಕ್ಕೆ ಹೋಗಿ ಬಂದೆವು. ಎರಡೂವರೆ ಗಂಟೆ. ಬಾಗಿಲು ತೆಗೆದರೆ ಹಾಲಿನ ತುಂಬ ಹಳದಿ ಕಾಗದದ ಚೂರು. ಅಮ್ಮ ದೇವರ ಮುಂದೆ ಇಟ್ಟು ಪೂಜೆ ಮಾಡಿದ್ದ ಹೊಸ ಒಂಟಿಕೊಪ್ಪಲ್ ಪಂಚಾಂಗ. ಅರಿಸಿನ ಕುಂಕುಮದ ವಾಸನೆಗೋ, ಬೇವುಬೆಲ್ಲ ಅಂಟಿದ ರುಚಿಗೋ, ರಟ್ಟಿನ ಸಮೇತ ತಿಂದು ಮುಗಿಸಿದ್ದಳು. ಆಷಾಢದ ಒಂದು ಪುಟ ಮಾತ್ರ ಹಲ್ಲಿನ ಗುರುತಿನೊಡನೆ ಉಳಿದಿತ್ತು. ಬೆತ್ತದ ಕುರ್ಚಿಯ ಒಂದು ಕಾಲೂ ಅರ್ಧ ಹೋಗಿತ್ತು. “ಈ ವರ್ಷ ನಮಗೆ ರಾಹುಕಾಲ ಇಲ್ಲ ಬಿಡು” ಎಂದು ಇವರು ನಕ್ಕರು. ಅಮ್ಮ ನಗಲಿಲ್ಲ.

ಇದು ನಮ್ಮ ಮನೆಯ ಅದೃಷ್ಟ ಮಾತ್ರವಲ್ಲ. 2020ರಲ್ಲಿ ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಜೊತೆಗಾರರು ಅಂಧರಿಗೆ ದಾರಿ ತೋರಲು ಬೆಳೆಸುತ್ತಿದ್ದ ನಾಯಿಗಳನ್ನು ಐದು ತಿಂಗಳಿನಲ್ಲೊಮ್ಮೆ, ಎಂಟು ತಿಂಗಳಿನಲ್ಲೊಮ್ಮೆ ನೋಡಿ ವರದಿ ಬರೆದರು. ಐದರಲ್ಲಿ ಒಂದೇ ಮಾತಿಗೆ ಕೂರುತ್ತಿದ್ದ ನಾಯಿ ಎಂಟರಲ್ಲಿ ತನ್ನನ್ನು ಸಾಕಿದವರು ಹೇಳಿದರೆ ಕೂರಲು ಸತಾಯಿಸುತ್ತದೆ, ಅಪರಿಚಿತರು ಹೇಳಿದರೆ ಕೂರುತ್ತದೆ. ಹೈಸ್ಕೂಲು ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಕಾಲ ಸಣ್ಣ ನಾಯಿಗಳಲ್ಲಿ ಬೇಗ ಕಳೆಯುತ್ತದೆ, ಲ್ಯಾಬ್, ಶೆಫರ್ಡ್‌ನಂಥ ದೊಡ್ಡವುಗಳಲ್ಲಿ ಒಂದೂವರೆ ಎರಡು ವರ್ಷಕ್ಕೂ ಎಳೆಯುತ್ತದೆ. ಆದ್ದರಿಂದ ಆರು ತಿಂಗಳ ಒಳ್ಳೆಯತನಕ್ಕೆ ಮನೆ ಬರೆದುಕೊಡಬೇಡಿ. ಅದಕ್ಕೊಂದು ಕೋಣೆ ಸಾಕು.

ಪಂಚಾಂಗ ತಿಂದ ದಿನ ಚೂಟಿ ಕಿವಿ ಹಿಂದಕ್ಕೆ ಮಡಚಿ, ಕಣ್ಣು ತಪ್ಪಿಸಿ, ಹೊಟ್ಟೆ ನೆಲಕ್ಕೊತ್ತಿಕೊಂಡು ತೆವಳಿದಳು. “ನೋಡು, ತಪ್ಪು ಮಾಡಿದ್ದು ಅದಕ್ಕೇ ಗೊತ್ತು” ಎಂದರು ಅಮ್ಮ. ಈ ಮಾತನ್ನು ಕೇಳದ ನಾಯಿಮನೆ ಇಲ್ಲ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ 14 ನಾಯಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ತಿನ್ನಬೇಡ ಎಂದ ತಿಂಡಿಯನ್ನು ನಾಯಿ ತಿಂದಿದೆಯೋ ಇಲ್ಲವೋ ಎಂಬುದನ್ನು ಯಜಮಾನರಿಗೆ ಬೇಕೆಂದೇ ಅದಲುಬದಲು ಮಾಡಿ ಹೇಳಿದರು. ಆ ತಪ್ಪಿತಸ್ಥ ಮುಖ ಬಂದದ್ದು ತಿಂದ ನಾಯಿಗಲ್ಲ, ಬೈಸಿಕೊಂಡ ನಾಯಿಗೆ. ಏನೂ ತಿನ್ನದೆ ಬೈಸಿಕೊಂಡವುಗಳ ಮುಖ ಇನ್ನೂ ಬಾಡಿತ್ತು. ಅಂದರೆ ಎರಡು ಗಂಟೆ ಹಿಂದೆ ಹರಿದ ಪಂಚಾಂಗಕ್ಕೂ ಈಗ ನಾನು ಏರಿಸಿದ ದನಿಗೂ ಚೂಟಿಯ ತಲೆಯಲ್ಲಿ ಸಂಬಂಧವೇ ಇಲ್ಲ. ಅವಳು ಕಲಿತದ್ದು ಒಂದೇ: ಬೀಗ ತೆಗೆಯುವ ಸದ್ದು ಬಂದರೆ ಮನೆಯವರ ಮುಖ ಕೆಂಪಾಗುತ್ತದೆ. ಅವತ್ತು ನಾನು ಬೈದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಮೂರು ದಿನ ನಾನು ಒಳಗೆ ಬಂದರೆ ಬೋನಿನ ಮೂಲೆ ಸೇರುತ್ತಿದ್ದಳು.

ಇನ್ನು ಒಂಟಿತನ. ಜನ ಅತಿ ಕಡಿಮೆ ಗಮನ ಕೊಡುವುದು ಇದಕ್ಕೇ. ಇದನ್ನು ನೋಡಲು ಒಂದು ಹಳೆಯ ಫೋನು ಸಾಕು. ಪಂಚಾಂಗದ ಪ್ರಕರಣವಾಗಿ ಒಂದೂವರೆ ತಿಂಗಳಿಗೆ, ಗಾಜು ಸೀಳಿದ ಇವರ ಹಳೇ ಫೋನನ್ನು ಊಟದ ಕೋಣೆಯ ಗೂಡಿನಲ್ಲಿ ಉಪ್ಪಿನಕಾಯಿ ಭರಣಿಗೆ ಒರಗಿಸಿ, ವಿಡಿಯೊ ಒತ್ತಿ, ಚೂಟಿಯನ್ನು ಬೋನಿನ ಹೊರಗೆ ಬಿಟ್ಟು, ನಾನು ಸ್ಕೂಟರಿನಲ್ಲಿ ಸುಮ್ಮನೆ ಒಂದು ಸುತ್ತು ಹೋಗಿಬಂದೆ. ಇಪ್ಪತ್ತಮೂರು ನಿಮಿಷದ ಚಿತ್ರ. ಮೊದಲ ಎರಡು ನಿಮಿಷ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಾಳೆ, ಬಾಲ ನಿಧಾನಕ್ಕೆ ಅತ್ತ ಇತ್ತ. ಆಮೇಲೆ ಬಾಗಿಲ ಕೆಳಗಿನ ಸಂದಿಗೆ ಮೂಗಿಟ್ಟು ಉದ್ದಕ್ಕೂ ಮೂಸುತ್ತಾಳೆ. ನಾಲ್ಕನೇ ನಿಮಿಷಕ್ಕೆ ಎರಡು ಸಲ ಕುಂಯ್ ಎನ್ನುತ್ತಾಳೆ. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು, ಕಿವಿ ನೆಟ್ಟಗಾಯಿತು. ಏಳನೇ ನಿಮಿಷ ನನ್ನ ಎದೆ ಹೊಡೆದುಕೊಂಡಿತು, ಎದ್ದುಹೋಗಿ ನನ್ನ ಚಪ್ಪಲಿ ಕಚ್ಚಿಕೊಂಡು ಬಂದಳು. ಕಡಿಯಲಿಲ್ಲ. ಚಾಪೆಯ ಮೇಲೆ ಇಟ್ಟು, ಅದರ ಮೇಲೆ ಗದ್ದ ಇಟ್ಟು, ದೊಡ್ಡದೊಂದು ನಿಟ್ಟುಸಿರು ಬಿಟ್ಟಳು. ಹನ್ನೊಂದನೇ ನಿಮಿಷಕ್ಕೆ ನಿದ್ದೆ. ಮಿಕ್ಕದ್ದೆಲ್ಲ ಫ್ಯಾನು ತಿರುಗುವ ಸದ್ದು, ಕೊನೆಯಲ್ಲಿ ನನ್ನ ಸ್ಕೂಟರಿನ ಹಾರನ್ನು. ನಾನು ನೋಡಿದ ಸಿನಿಮಾಗಳಲ್ಲಿ ಇಷ್ಟು ಸಮಾಧಾನ ಕೊಟ್ಟದ್ದು ಇನ್ನೊಂದಿಲ್ಲ.

ಧಾರವಾಡದ ಗೆಳತಿ ಕಳಿಸಿದ ಚಿತ್ರ ಬೇರೆಯೇ ಇತ್ತು. ಅವಳದು ಅರ್ಧ ಮುಧೋಳ ರಕ್ತದ ನಾಯಿ, ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದೇ ಮೈ ಪಡೆದ ಜಾತಿ. 2005ರಲ್ಲಿ ಅಂಚೆ ಇಲಾಖೆ ಆ ತಳಿಯ ಚಿತ್ರದ ಸ್ಟಾಂಪು ತಂದಿತ್ತು. ಅಂಥದ್ದನ್ನು ಬೋನಿನಲ್ಲಿಟ್ಟು ಹೋಗುತ್ತಿದ್ದಳು. ಚಿತ್ರದಲ್ಲಿ ಅವಳು ಬಾಗಿಲು ಹಾಕಿದ ಅರೆನಿಮಿಷಕ್ಕೆ ಏದುಸಿರು ಶುರು. ಜೊಲ್ಲು ಎದೆಯ ತನಕ ಇಳಿದಿದೆ. ಮುಂದೆ ಇಟ್ಟ ಕೋಳಿತುಂಡನ್ನು ಮೂಸಿಯೂ ನೋಡಿಲ್ಲ. ಸರಳನ್ನು ಕಡಿಯುತ್ತಾನೆ, ಉಗುರಿನಿಂದ ಕೆರೆಯುತ್ತಾನೆ, ಊಳಿಡುತ್ತಾನೆ, ಮತ್ತೆ ಕಡಿಯುತ್ತಾನೆ. “ಕಬ್ಬಿಣಾ ಕಡದು ಹಲ್ಲು ಮುರಕೊಂಡಾನವಾ ನಮ್ಮಾಂವ” ಎಂದು ಫೋನಿನಲ್ಲಿ ಅತ್ತಳು. ಕೋರೆಹಲ್ಲೇ ಮುರಿದಿತ್ತು.

ಬೇಜಾರಿಗೆ ಕಡಿಯುವ ನಾಯಿ ಬೇರೆ, ಭಯಕ್ಕೆ ಕಡಿಯುವ ನಾಯಿ ಬೇರೆ. ಬೇಜಾರಿನದು ಮೊದಲು ಒಂದು ನಿದ್ದೆ ತೆಗೆಯುತ್ತದೆ, ಎದ್ದ ಮೇಲೆ ದಿಂಬು ಹರಿಯುತ್ತದೆ, ಕೊಟ್ಟದ್ದು ತಿನ್ನುತ್ತದೆ. ಭಯದ್ದು ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ, ಹಾಳು ಮಾಡುವುದೂ ಹೆಚ್ಚಾಗಿ ಬಾಗಿಲು ಕಿಟಕಿಯ ಆಸುಪಾಸಿನಲ್ಲಿ, ನೀವು ಹೋದ ದಾರಿಯಲ್ಲಿ. ಮೊದಲನೆಯದಕ್ಕೆ ನಡಿಗೆ ಹೆಚ್ಚಿಸಿ, ಕಡಿಯಲು ಸರಿಯಾದದ್ದು ಕೊಡಿ, ಇನ್ನೂ ಕೆಲವು ತಿಂಗಳು ಸಣ್ಣ ಜಾಗದಲ್ಲಿಡಿ. ಎರಡನೆಯದಕ್ಕೆ ಬೋನು ಮದ್ದಲ್ಲ, ಉರಿಗೆ ಎಣ್ಣೆ. ಪಶುವೈದ್ಯರನ್ನು ಕಾಣಬೇಕು, ಒಂಟಿಯಾಗಿರುವುದನ್ನು ಸೆಕೆಂಡುಗಳ ಲೆಕ್ಕದಿಂದ ಕಲಿಸಬೇಕು, ಕೆಲವಕ್ಕೆ ಮಾತ್ರೆಯೂ ಬೇಕಾಗುತ್ತದೆ. ಗೆಳತಿಯ ಅತ್ತೆ ಆರು ತಿಂಗಳು ಬಂದು ಜೊತೆಗಿದ್ದರು. ಈಗ ಆ ನಾಯಿ ಬೋನಿಲ್ಲದೆ ಎರಡು ಗಂಟೆ ಇರುತ್ತದೆ, ಅದಕ್ಕಿಂತ ಹೆಚ್ಚು ಅವರೂ ಕೇಳುವುದಿಲ್ಲ.

ನಾಯಿ ಪಾಸಾದರೆ ಸಾಲದು, ಮನೆಯೂ ಪಾಸಾಗಬೇಕು. ಒಂದು ಭಾನುವಾರ ಮಂಡಿಯೂರಿ, ನಾಯಿಯ ಎತ್ತರದಲ್ಲಿ ಮನೆಯೆಲ್ಲ ಹರಿದಾಡಿ ನೋಡಿ. ನನಗೆ ಕಂಡದ್ದು: ಟಿವಿಯ ಹಿಂದೆ ಇಳಿಬಿದ್ದ ವೈರು, ಪ್ಲಗ್ಗಿನಲ್ಲಿ ಕೈಗೆಟಕುವ ಸೊಳ್ಳೆ ಓಡಿಸುವ ದ್ರವದ ಸೀಸೆ, ಬೀರುವಿನ ಕೆಳಗೆ ಉರುಳಿಹೋದ ಎರಡು ನುಸಿಗುಳಿಗೆ, ಮಂಚದ ಪಕ್ಕ ಅಮ್ಮನ ಮಂಡಿನೋವಿನ ಮಾತ್ರೆಯ ಪಟ್ಟಿ. ನಮಗೆ ಕೊಡುವ ನೋವಿನ ಮಾತ್ರೆ ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತದೆ. ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ ಯಾವುದೂ ಆಗದು, ಪಾಯಸಕ್ಕೆಂದು ತಟ್ಟೆಯಲ್ಲಿ ಇಟ್ಟು ಮರೆತ ದ್ರಾಕ್ಷಿಯೂ ಸೇರಿ. ಬಾಲ್ಕನಿಯ ಕುಂಡದಲ್ಲಿದ್ದ ಕಣಗಿಲೆಯನ್ನು ಅವತ್ತೇ ಕೆಳಗಿಳಿಸಿದೆ, ಅದರ ಎಲೆ ಹೃದಯಕ್ಕೇ ಕುತ್ತು. ಬೇಸಿಗೆಯಲ್ಲಿ ಇದೆಲ್ಲಕ್ಕಿಂತ ನನಗೆ ಹೆದರಿಕೆ ಮಾವಿನ ಓಟೆಯದು. ಕಸದ ಬುಟ್ಟಿಯಿಂದ ಎಳೆದು ಇಡಿಯಾಗಿ ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಹೊಟ್ಟೆ ಕೊಯ್ಯಬೇಕಾಗುತ್ತದೆ. ಬುಟ್ಟಿಗೆ ಮುಚ್ಚಳ ಇದ್ದರೆ ಸಾಲದು, ಬುಟ್ಟಿಯೇ ಬಾಗಿಲ ಆಚೆ ಇರಬೇಕು. ಮಹಡಿ ಮನೆಯವರು ಬಾಲ್ಕನಿಯ ಬಾಗಿಲನ್ನು ಎರಡು ಸಲ ನೋಡಿ. ಕೆಳಗೆ ಬೆಕ್ಕು ಹೋದರೆ ನಾಯಿಗೆ ಎಷ್ಟನೇ ಮಹಡಿ ಎಂಬ ಲೆಕ್ಕ ಇರುವುದಿಲ್ಲ.

ನಾವು ಬಿಟ್ಟದ್ದು ಹೀಗೆ. ಮೊದಲು ಬೋನಿನ ಬಾಗಿಲನ್ನು ಸೀರೆಯ ಅಂಚಿನಿಂದ ಗೋಡೆಯ ಮೊಳೆಗೆ ಕಟ್ಟಿ ತೆರೆದೇ ಇಟ್ಟೆವು, ನಾವು ಮನೆಯಲ್ಲೇ ಇರುವಾಗ, ರಾತ್ರಿ ಮಲಗಿದಾಗ. ಬಿಡುವ ಪರೀಕ್ಷೆಯನ್ನು ಎಲ್ಲರೂ ಹೊರಗೆ ಹೋಗಿ ಮಾಡುತ್ತಾರೆ. ಅದು ಕೊನೆಯ ಪರೀಕ್ಷೆ. ನೀವು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೆಲಸ ಮಾಡುವಾಗ ಅದು ಏನು ಮಾಡುತ್ತದೆ ಎಂಬುದರಲ್ಲಿ ಮುಕ್ಕಾಲು ಉತ್ತರ ಇರುತ್ತದೆ. ಆಮೇಲೆ ಬಡಗಿಯಿಂದ ಊಟದ ಕೋಣೆಗೆ ಸೊಂಟದೆತ್ತರದ ಪ್ಲೈವುಡ್ ಗೇಟು ಹಾಕಿಸಿದೆವು. ಅದು ಅವಳ ಕೋಣೆ. ತರಕಾರಿ ತರುವಷ್ಟು ಹೊತ್ತು, ಬ್ಯಾಂಕಿಗೆ ಹೋಗಿ ಬರುವಷ್ಟು ಹೊತ್ತು, ಒಂದು ಸಿನಿಮಾ. ಹೊರಡುವ ಮುಂಚೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಒಂದು ಸುತ್ತು, ಬಂದು ಮೊಸರನ್ನ. ಹೊಟ್ಟೆ ತುಂಬಿ ಕಾಲು ಸೋತ ನಾಯಿ ಅರ್ಧ ಜ್ಞಾನಿ. ಹೋಗುವಾಗ ಮುದ್ದು, ಟಾಟಾ, “ಬೇಗ ಬರ್ತೀನಿ ಕಂದಾ” ಯಾವುದೂ ಇಲ್ಲ. ಇದು ನನಗೆ ಕಷ್ಟವಾಯಿತು, ಅವಳಿಗಲ್ಲ. ಕೀಗೊಂಚಲು ಕೈಗೆತ್ತಿಕೊಂಡು ಮತ್ತೆ ಸೋಫಾದಲ್ಲೇ ಕೂರುವ ನಾಟಕವನ್ನೂ ಒಂದು ವಾರ ಆಡಿದೆ. ಮನೆಗೆಲಸಕ್ಕೆ ಬರುವ ಅಕ್ಕ, “ಯಾಕಮ್ಮ ಇವತ್ತು ಹಿಂಗೆ ಎದ್ದೂ ಕೂತೂ ಮಾಡ್ತೀರಾ, ಮೈಗೆ ಹುಷಾರಿಲ್ವಾ?” ಎಂದು ಕಾಫಿ ಮಾಡಿಕೊಟ್ಟರು.

ಒಂದೇ ಏಣಿಯಂತೆ ಮೇಲೇರುತ್ತಾ ಹೋಯಿತು ಎಂದುಕೊಳ್ಳಬೇಡಿ. ಹದಿನೈದು ತಿಂಗಳಿಗೆ ಇಡೀ ಹಾಲು ಅವಳದಾಗಿತ್ತು. ದೀಪಾವಳಿ ಬಂತು. ಬಲಿಪಾಡ್ಯಮಿಯ ಸಂಜೆ ನಾವು ಒಂದು ತಾಸು ಹೊರಗಿದ್ದಾಗ ಬೀದಿಯಲ್ಲಿ ಯಾರೋ ಸಾವಿರದ ಸರ ಹಚ್ಚಿದ್ದರು. ಬಂದು ನೋಡಿದರೆ ಮುಂಬಾಗಿಲ ಒಳಬದಿಯಲ್ಲಿ ಹತ್ತಾರು ಉಗುರುಗೀರು, ಚೂಟಿ ಬಚ್ಚಲಲ್ಲಿ ಹಂಡೆಯ ಹಿಂದೆ ನಡುಗುತ್ತಿದ್ದಳು. ಮತ್ತೆ ಊಟದ ಕೋಣೆಗೆ, ಹತ್ತು ನಿಮಿಷದ ಲೆಕ್ಕಕ್ಕೆ ಇಳಿದೆವು. ಶಿಕ್ಷೆಯೆಂದಲ್ಲ, ಜ್ವರ ಬಂದ ಮಗುವಿಗೆ ಗಂಜಿ ಕೊಡುತ್ತೇವಲ್ಲ ಹಾಗೆ. ಮೂರು ವಾರದಲ್ಲಿ ಸರಿಹೋಯಿತು. ಅಂದಿನಿಂದ ಗಣಪತಿ ಬಿಡುವ ದಿನ, ದೀಪಾವಳಿಯ ಮೂರು ದಿನ ನಮ್ಮಿಬ್ಬರಲ್ಲಿ ಒಬ್ಬರು ಮನೆಯಲ್ಲೇ ಇರುತ್ತೇವೆ. ನೆಂಟರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಬೋನಿನ ವಿಚಾರ ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ ಇರುತ್ತದೆ, ಅದು ಅವರಿಗೆ ಹಿಡಿಸುವುದಿಲ್ಲ: ನಾಯಿ ಎಷ್ಟು ಹೊತ್ತು ಒಂಟಿಯಾಗಿರುತ್ತದೆ? ಬೆಂಗಳೂರಿನಲ್ಲಿ ಟ್ರಾಫಿಕ್ಕೂ ಸೇರಿ ಹನ್ನೊಂದು ಗಂಟೆ ಎನ್ನುವವರಿದ್ದಾರೆ. ಹಾಗಿದ್ದರೆ ಚಿಲಕ ಹಾಕಿದೆಯೋ ತೆಗೆದಿದೆಯೋ ಎಂಬುದು ದೊಡ್ಡ ವಿಷಯವೇ ಅಲ್ಲ. ಮಧ್ಯಾಹ್ನ ಒಬ್ಬರು ಬಂದು ಕೆಳಗೆ ಕರೆದೊಯ್ಯಬೇಕು. ಪಕ್ಕದ ಮನೆಯ ಕಾಲೇಜು ಹುಡುಗನೋ, ನಿವೃತ್ತರಾದ ಎದುರುಮನೆಯ ಮೇಷ್ಟ್ರೋ, ದುಡ್ಡು ಕೊಟ್ಟು ಗೊತ್ತುಮಾಡಿದವರೋ ಆಗಬಹುದು. ನಮ್ಮಲ್ಲಿ ಆ ಕೆಲಸವನ್ನು ಕೆಳಮನೆಯ ಅಜ್ಜಿಯೇ ವಹಿಸಿಕೊಂಡರು, ಯಾರೂ ಕೇಳದೆ. ಒಂದು ದಿನ ಊಟ ಮುಗಿಸಿ ಮೇಲೆ ಬಂದು, “ಕೀ ಕೊಟ್ಟಿರು. ನನಗೂ ಮಧ್ಯಾಹ್ನ ಹೊತ್ತು ಹೋಗಲ್ಲ” ಎಂದರು. ಚೂಟಿಗೆ ಅಜ್ಜಿ ಏನೇನು ತಿನ್ನಿಸುತ್ತಾರೆ ಎಂದು ನಾನು ವಿಚಾರಿಸಲು ಹೋಗಿಲ್ಲ. ಒಂದೂವರೆ ಕೆಜಿ ಹೆಚ್ಚಿದ್ದಾಳೆ ಎಂದು ಡಾಕ್ಟರು ಹೇಳಿದರು.

ಚೂಟಿಗೆ ಈಗ ಎರಡು ತುಂಬಿ ಮೂರರಲ್ಲಿ ನಡೆಯುತ್ತಿದೆ. ಮನೆಯೆಲ್ಲ ಅವಳದೇ, ದೇವರಕೋಣೆಯೊಂದು ಬಿಟ್ಟು. ಅಲ್ಲಿಗೆ ಅಮ್ಮ ಬಾಗಿಲು ಹಾಕಿಸಿದ್ದಾರೆ. ಬೋನನ್ನು ಮಡಚಿ ಮಾರೋಣ ಎಂದುಕೊಂಡಿದ್ದಾಗ ಹೋದ ಬೇಸಿಗೆಯಲ್ಲಿ ಅಜ್ಜಿ ಬಂದು, “ಅದೇನು ಸುಮ್ಮನೆ ಬಿದ್ದಿದೆಯಲ್ಲ, ನನಗೆ ಕೊಡು” ಎಂದರು. ತಾರಸಿಗೆ ಹೊರಿಸಿಕೊಂಡು ಹೋಗಿ, ತಳದ ತಟ್ಟೆ ತೆಗೆಸಿ, ಪಂಚೆಯ ಮೇಲೆ ಇಟ್ಟ ಅರಳುಸಂಡಿಗೆಗೆ ಕವುಚಿ ಹಾಕಿದರು. ಸರಳಿನ ಸಂದಿಯಲ್ಲಿ ಬಿಸಿಲು ಬೀಳುತ್ತದೆ, ಕಾಗೆಗೆ ತೂರಲಾಗದು. ಸಂಡಿಗೆ ಬೋನಿನ ಒಳಗೆ, ಕಾಗೆ ಟ್ಯಾಂಕಿನ ಮೇಲೆ, ಚೂಟಿ ನೆರಳಿನಲ್ಲಿ ಮುಂಗಾಲಿನ ಮೇಲೆ ಗದ್ದ ಇಟ್ಟು ಎರಡನ್ನೂ ನೋಡುತ್ತಾ ಮಲಗಿದ್ದಳು. ಅಜ್ಜಿ ಹಗ್ಗದ ಮೇಲೆ ಒಗೆದ ಸೀರೆ ಹರವುತ್ತಾ, “ಈಗ ನೋಡು, ಬೋನು ಒಂದು ಕೆಲಸಕ್ಕೆ ಬಂತು” ಎಂದರು.